‘ಪ್ರಿಫರ್’ ಎಂಬ ಇಂಗ್ಲಿಷ್ ಕ್ರಿಯಾಪದ: ಅರ್ಥ, ರಚನೆ ಮತ್ತು ಬಳಕೆಗೊಂದು ಸಮಗ್ರ ಮಾರ್ಗದರ್ಶಿ

ರೈಲು ಟಿಕೆಟು ಕಾಯ್ದಿರಿಸುವಾಗ ‘ಬರ್ತ್ ಪ್ರಿಫರೆನ್ಸ್’ ಎಂಬ ಕಲಂ ಎದುರಾಗುತ್ತದೆ. ಕೆಲಸದ ಜಾಹೀರಾತಿನಲ್ಲಿ ‘ಎಕ್ಸ್‌ಪೀರಿಯೆನ್ಸ್ ಪ್ರಿಫರ್ಡ್’ ಎಂದಿರುತ್ತದೆ. ಸರ್ಕಾರಿ ಕಚೇರಿಯಿಂದ ಬಂದ ಇಂಗ್ಲಿಷ್ ಹಿಂಬರಹದ ಕೊನೆಯ ಸಾಲಿನಲ್ಲಿ ‘ಯು ಮೇ ಪ್ರಿಫರ್ ಆ್ಯನ್ ಅಪೀಲ್’ ಎಂದು ಬರೆದಿರುತ್ತದೆ. ಒಂದೇ ಪದ ಮೂರು ಕಡೆ ಮೂರು ಬಗೆಯ ಕೆಲಸ ಮಾಡುತ್ತಿದೆ. ಮಂಗಳೂರು, ಉಡುಪಿಯ ಕಡೆ ಈ ಪದವನ್ನು ಓದಿ ಅರ್ಥ ಮಾಡಿಕೊಳ್ಳದವರು ಕಡಿಮೆ; ಆದರೆ ಸಂದರ್ಶನದಲ್ಲೋ ಪತ್ರದಲ್ಲೋ ತಾವಾಗಿ ಬಳಸಬೇಕಾದಾಗ ‘ಐ ಲೈಕ್ ದಿಸ್ ಮೋರ್’ ಎಂದು ಹೇಳಿ ತಪ್ಪಿಸಿಕೊಳ್ಳುವವರು ಬಹಳ. ಹಾಗೆ ಹೇಳುವುದು ತಪ್ಪೇನೂ ಅಲ್ಲ. ಆದರೂ ಆಯ್ಕೆಯನ್ನು ಒಂದೇ ಪದದಲ್ಲಿ, ವಿನಯದಿಂದ, ಖಚಿತವಾಗಿ ತಿಳಿಸಬಲ್ಲ ಕ್ರಿಯಾಪದವೊಂದು ಕೈಯಲ್ಲಿರುವಾಗ ಅದನ್ನು ಬಿಟ್ಟುಕೊಡಬೇಕಾಗಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ಓದಬಲ್ಲವರಾಗಿದ್ದೂ ಮಾತಿನಲ್ಲಿ ಹಿಂಜರಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಸಿದ್ಧಪಡಿಸಲಾಗಿದೆ. ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸುವುದು ಒಳ್ಳೆಯದು. ವಿಶೇಷವಾಗಿ ಎರಡನೆಯ ಹಂತ ಗಟ್ಟಿಯಾಗದೆ ಮುಂದೆ ಹೋಗಬೇಡಿ, ಏಕೆಂದರೆ ಕನ್ನಡಿಗರ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲಿಯೇ.

ಮೊದಲ ಹಂತ: ‘ಲೈಕ್’ನಿಂದ ಬೇರ್ಪಡಿಸಿಕೊಳ್ಳಿ

‘ಲೈಕ್’ ಎಂಬುದಕ್ಕೆ ಒಂದೇ ವಸ್ತು ಸಾಕು. ‘ಐ ಲೈಕ್ ನೀರ್‌ದೋಸೆ’ ಎಂದಾಗ ಬೇರೆ ತಿಂಡಿಗಳ ಮಾತೇ ಬರುವುದಿಲ್ಲ. ‘ಪ್ರಿಫರ್’ ಎಂದರೆ ಕನಿಷ್ಠ ಎರಡು ಆಯ್ಕೆಗಳಾದರೂ ಇರಬೇಕು, ಅವುಗಳಲ್ಲಿ ಒಂದನ್ನು ಮುಂದಕ್ಕೆ ಇಡಬೇಕು. ಎರಡನೆಯದನ್ನು ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಚಾ ಬೇಕೋ ಕಾಫಿ ಬೇಕೋ ಎಂದು ಕೇಳಿದವರಿಗೆ ‘ಐ ಪ್ರಿಫರ್ ಕಾಫಿ’ ಎಂದಷ್ಟೇ ಉತ್ತರಿಸಿದರೂ ಚಾ ಹಿಂದೆ ಸರಿಯಿತೆಂದು ತಿಳಿಯುತ್ತದೆ. ಮುಂದಿಟ್ಟ ವಸ್ತುವಿನ ಮೇಲೆ ಅಪಾರ ಪ್ರೀತಿ ಇರಬೇಕೆಂಬ ನಿಯಮವೂ ಇಲ್ಲ. ಹಲ್ಲುನೋವಿನ ರೋಗಿಯೊಬ್ಬರು ಚುಚ್ಚುಮದ್ದಿಗಿಂತ ಮಾತ್ರೆಯನ್ನು ‘ಪ್ರಿಫರ್’ ಮಾಡಬಹುದು, ಮಾತ್ರೆಯೂ ಅವರಿಗೆ ಇಷ್ಟವಿಲ್ಲದಿರಬಹುದು.

ಇದರಿಂದ ಎರಡು ಉಪನಿಯಮಗಳು ತಾವಾಗಿಯೇ ಹೊರಡುತ್ತವೆ. ಹೋಲಿಕೆಯು ಪದದೊಳಗೇ ಇರುವುದರಿಂದ ‘ಐ ಪ್ರಿಫರ್ ಕಾಫಿ ಮೋರ್’ ಎಂದು ‘ಮೋರ್’ ಸೇರಿಸಬಾರದು. ಮತ್ತು ಇದು ಮನಸ್ಸಿನ ಸ್ಥಿತಿಯನ್ನು ಹೇಳುವ ಕ್ರಿಯಾಪದವಾದ ಕಾರಣ ‘ಐ ಆ್ಯಮ್ ಪ್ರಿಫರಿಂಗ್’ ಎಂಬ ರೂಪ ಸಾಮಾನ್ಯವಾಗಿ ಸಲ್ಲದು. ನಮ್ಮಲ್ಲಿ ‘ಐ ಆ್ಯಮ್ ನೋಯಿಂಗ್’, ‘ಐ ಆ್ಯಮ್ ಹ್ಯಾವಿಂಗ್’ ಎನ್ನುವವರು ಇದನ್ನೂ ಅದೇ ಅಚ್ಚಿನಲ್ಲಿ ತೆಗೆಯುವುದುಂಟು. ‘ಐ ಪ್ರಿಫರ್’ ಎಂದು ಸರಳವಾಗಿ ಹೇಳಿದರೆ ಮುಗಿಯಿತು.

ಎರಡನೆಯ ಹಂತ: ಯಾವುದು ಮೊದಲು, ಯಾವುದು ಆಮೇಲೆ

ಕನ್ನಡದಲ್ಲಿ ಇಷ್ಟವು ನಮಗೆ ಆಗುವಂಥದ್ದು: ‘ನನಗೆ ಇಷ್ಟ’. ತುಳುವಿನಲ್ಲಿ ‘ಎಂಕ್’ ಎಂದು, ಕೊಂಕಣಿಯಲ್ಲಿ ‘ಮ್ಹಾಕಾ’ ಎಂದು ಆರಂಭವಾಗುವ ವಾಕ್ಯವೂ ಇದೇ ದಾರಿಯದು. ಕರಾವಳಿಯ ಮನೆಮಾತು ಈ ಮೂರರಲ್ಲಿ ಯಾವುದೇ ಆಗಿರಲಿ, ಇಷ್ಟಪಡುವ ವ್ಯಕ್ತಿ ಚತುರ್ಥಿ ವಿಭಕ್ತಿಯಲ್ಲಿರುತ್ತಾನೆ. ಇಂಗ್ಲಿಷಿನಲ್ಲಿ ಆ ವ್ಯಕ್ತಿಯೇ ಕರ್ತೃ, ಇಷ್ಟವು ಅವನು ಮಾಡುವ ಕ್ರಿಯೆ. ಆದ್ದರಿಂದ ‘ಟು ಮಿ ಪ್ರಿಫರ್’ ಎಂದಾಗಲಿ, ‘ಮೈ ಮದರ್ ಈಸ್ ಪ್ರಿಫರ್’ ಎಂದಾಗಲಿ ಆಗುವುದಿಲ್ಲ. ‘ಮೈ ಮದರ್ ಪ್ರಿಫರ್ಸ್’ ಎಂದೇ ಆಗಬೇಕು, ಕೊನೆಯ ‘ಸ್’ ಸಮೇತ.

ಇದಕ್ಕಿಂತ ದೊಡ್ಡ ತೊಡಕು ಕ್ರಮದಲ್ಲಿದೆ. ನಾವು ಬಿಟ್ಟದ್ದನ್ನು ಮೊದಲು ಹೇಳಿ, ಅದಕ್ಕೆ ‘ಗಿಂತ’ ಹಚ್ಚಿ, ಆಮೇಲೆ ಆರಿಸಿಕೊಂಡದ್ದಕ್ಕೆ ಬರುತ್ತೇವೆ: ‘ಬೂತಾಯಿಗಿಂತ ಬಂಗುಡೆ ಇಷ್ಟ’. ಇಂಗ್ಲಿಷ್ ಆರಿಸಿಕೊಂಡದ್ದನ್ನು ಕ್ರಿಯಾಪದದ ಬೆನ್ನಿಗೇ ಇಟ್ಟು, ಬಿಟ್ಟದ್ದನ್ನು ‘ಟು’ ಆದ ಮೇಲೆ ಹೇಳುತ್ತದೆ: ‘ಐ ಪ್ರಿಫರ್ ಮ್ಯಾಕರೆಲ್ ಟು ಸಾರ್ಡಿನ್ಸ್’. ಕನ್ನಡದ ಕ್ರಮದಲ್ಲೇ ಪದಗಳನ್ನು ಜೋಡಿಸುತ್ತಾ ಹೋದವರ ಬಾಯಲ್ಲಿ ಇದು ‘ಐ ಪ್ರಿಫರ್ ಸಾರ್ಡಿನ್ಸ್ ಟು ಮ್ಯಾಕರೆಲ್’ ಎಂದಾಗುತ್ತದೆ. ವ್ಯಾಕರಣದ ದೃಷ್ಟಿಯಿಂದ ಈ ವಾಕ್ಯದಲ್ಲಿ ತಪ್ಪೇ ಇಲ್ಲ, ಆದರೆ ಅರ್ಥ ಪೂರ್ತಿ ತಿರುವುಮುರುವು. ‘ದ್ಯಾನ್’ ಬಳಸಿ ತಪ್ಪಿದವರನ್ನು ಕೇಳುಗರು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಾರೆ. ಕ್ರಮ ತಪ್ಪಿದವರನ್ನು ತಿದ್ದುವವರಿಲ್ಲ, ಹೇಳಿದ ಮೀನೇ ಬಟ್ಟಲಿಗೆ ಬರುತ್ತದೆ. ಶಾಲೆಗಳಲ್ಲಿ ‘ದ್ಯಾನ್ ಅಲ್ಲ, ಟು’ ಎಂಬ ಅರ್ಧ ನಿಯಮವನ್ನು ಬಾಯಿಪಾಠ ಮಾಡಿಸಿ ಈ ಉಳಿದರ್ಧವನ್ನು ಬಿಟ್ಟುಬಿಡುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ.

ಅಭ್ಯಾಸ ಹೀಗೆ ಮಾಡಿ. ‘ನಮ್ಮ ಮನೆಯಲ್ಲಿ ಎಲ್ಲರಿಗೂ ಬೆಳ್ತಿಗೆಗಿಂತ ಕುಚ್ಚಲಕ್ಕಿಯೇ ಇಷ್ಟ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಇಷ್ಟಪಡುವವರು ಯಾರು? ಮನೆಯವರೆಲ್ಲರೂ. ಅವರನ್ನು ವಾಕ್ಯದ ತಲೆಗೆ ತನ್ನಿ: ‘ಎವ್ರಿವನ್ ಅಟ್ ಹೋಮ್ ಪ್ರಿಫರ್ಸ್’. ಈಗ ‘ಗಿಂತ’ ಯಾವ ಪದಕ್ಕೆ ಹತ್ತಿದೆ ನೋಡಿ, ಬೆಳ್ತಿಗೆಗೆ. ಅದನ್ನು ಸದ್ಯಕ್ಕೆ ತಡೆದಿಟ್ಟುಕೊಂಡು, ‘ಗಿಂತ’ ಇಲ್ಲದ ಕುಚ್ಚಲಕ್ಕಿಯನ್ನು ಮೊದಲು ಹೇಳಿ ಮುಗಿಸಿ: ‘ಬಾಯ್ಲ್ಡ್ ರೈಸ್’. ಬೇಕಿದ್ದರೆ ಒಂದು ಕ್ಷಣ ಅಲ್ಲಿಯೇ ನಿಲ್ಲಿ, ವಾಕ್ಯ ಪೂರ್ಣವಾಗಿಯೇ ಇದೆ. ಆಮೇಲೆ ತಡೆದಿಟ್ಟದ್ದನ್ನು ‘ಟು’ ಹಚ್ಚಿ ಸೇರಿಸಿ: ‘ಟು ವೈಟ್ ರೈಸ್’. ಪ್ರಾಸಂಗಿಕವಾಗಿ ಒಂದು ಮಾತು: ನಮ್ಮ ಜಿಲ್ಲೆಗಳ ಅಂಗಡಿಗಳಲ್ಲಿ ‘ಬಾಯ್ಲ್ಡ್ ರೈಸ್’ ಎಂದರೆ ಕುಚ್ಚಲಕ್ಕಿಯೆಂದು ಎಲ್ಲರಿಗೂ ಗೊತ್ತು, ಆದರೆ ಹೊರದೇಶದವರು ಅದನ್ನು ಬೇಯಿಸಿದ ಅನ್ನವೆಂದು ತಿಳಿಯುತ್ತಾರೆ, ಅವರೊಡನೆ ‘ಪಾರ್‌ಬಾಯ್ಲ್ಡ್ ರೈಸ್’ ಎನ್ನಬೇಕು.

‘ಟು’ ಏಕೆ ಎಂಬ ಪ್ರಶ್ನೆಗೂ ಉತ್ತರವಿದೆ. ‘ಪ್ರಿಫರ್’ ಲ್ಯಾಟಿನ್ ಮೂಲದ್ದು. ‘ಪ್ರೇ’ ಎಂದರೆ ಮುಂದೆ, ‘ಫೆರ್ರೆ’ ಎಂದರೆ ಹೊರು, ಒಯ್ಯು. ಒಂದರ ಮುಂದಕ್ಕೆ ಇನ್ನೊಂದನ್ನು ತಂದಿಡುವುದೇ ಮೂಲಾರ್ಥ. ಲ್ಯಾಟಿನ್ನಿನಿಂದ ಬಂದ ಇತರ ಹೋಲಿಕೆಯ ಪದಗಳಾದ ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್‌ಫೀರಿಯರ್’, ‘ಪ್ರಯರ್’ ಇವೂ ‘ಟು’ವನ್ನೇ ಕೇಳುತ್ತವೆ. ಹಾಗೆ ನೋಡಿದರೆ ಕನ್ನಡಿಗರಿಗೆ ಇದು ಅಪರಿಚಿತವಾಗಬೇಕಾಗಿಲ್ಲ. ‘ಅದಕ್ಕಿಂತ’ ಎಂಬುದನ್ನು ಬಿಡಿಸಿದರೆ ‘ಅದಕ್ಕೆ’ ಮತ್ತು ‘ಇಂತ’ ಸಿಗುತ್ತವೆ, ‘ನನಗಿಂತ’ ಎಂಬುದರೊಳಗೆ ‘ನನಗೆ’ ಇದೆ. ‘ಟು’ ಎಂದರೆ ‘ಗೆ, ಕ್ಕೆ’ ಎಂದು ಕಲಿತವರು ‘ಗಿಂತ’ದೊಳಗಿನ ಆ ‘ಗೆ’ಯನ್ನು ನೆನಪಿಟ್ಟುಕೊಂಡರೆ ‘ದ್ಯಾನ್’ ತಾನಾಗಿಯೇ ದೂರವಾಗುತ್ತದೆ.

‘ಟು’ವಿನ ಬದಲು ‘ಓವರ್’ ಬಳಸುವ ರೂಢಿಯೂ ಈಗ ವ್ಯಾಪಕವಾಗಿದೆ: ‘ಕಸ್ಟಮರ್ಸ್ ಪ್ರಿಫರ್ ಯುಪಿಐ ಓವರ್ ಕ್ಯಾಶ್’. ಮಾತಿನಲ್ಲಿ, ಕಚೇರಿಯ ಮಿಂಚಂಚೆಯಲ್ಲಿ ಇದನ್ನು ಬಳಸಲು ಹಿಂಜರಿಯಬೇಕಿಲ್ಲ. ಆದರೆ ಬ್ಯಾಂಕ್ ಹುದ್ದೆ ಮೊದಲಾದ ಸ್ಪರ್ಧಾತ್ಮಕ ಪರೀಕ್ಷೆಗಳ ದೋಷ ಗುರುತಿಸುವ ಪ್ರಶ್ನೆಗಳು ಹಳೆಯ ವ್ಯಾಕರಣವನ್ನೇ ಹಿಡಿದಿರುವುದರಿಂದ, ಅಲ್ಲಿ ‘ಟು’ ಬಿಟ್ಟು ಬೇರೆಡೆಗೆ ಹೋಗುವುದು ಅನಗತ್ಯ ಸಾಹಸ.

ಮೂರನೆಯ ಹಂತ: ವಸ್ತುವಿನ ಜಾಗದಲ್ಲಿ ಕ್ರಿಯೆ ಬಂದಾಗ

ಇಷ್ಟವು ವಸ್ತುವಿನ ಬಗ್ಗೆ ಅಲ್ಲದೆ ಕೆಲಸದ ಬಗ್ಗೆ ಇದ್ದರೆ ಎರಡು ರೂಪಗಳಿವೆ: ‘ಐ ಪ್ರಿಫರ್ ಟು ಟ್ರಾವೆಲ್ ಬೈ ಬಸ್’ ಮತ್ತು ‘ಐ ಪ್ರಿಫರ್ ಟ್ರಾವೆಲಿಂಗ್ ಬೈ ಬಸ್’. ಅರ್ಥದಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ. ತೊಂದರೆ ಬರುವುದು ಎರಡು ಕೆಲಸಗಳನ್ನು ಹೋಲಿಸುವಾಗ, ಏಕೆಂದರೆ ಆಗ ಎರಡು ‘ಟು’ಗಳು ಒಂದನ್ನೊಂದು ಡಿಕ್ಕಿ ಹೊಡೆಯುತ್ತವೆ. ಮೊದಲನೆಯ ‘ಟು’ ಕ್ರಿಯಾಪದದ ಭಾಗ, ಎರಡನೆಯದು ಹೋಲಿಕೆಯ ಸೂಚಕ. ‘ಐ ಪ್ರಿಫರ್ ಟು ಟೇಕ್ ದ ಬಸ್ ಟು ಟು ಡ್ರೈವ್’ ಎಂಬ ವಿಕಾರ ವಾಕ್ಯವನ್ನು ಯಾರೂ ಹೇಳಲಾರರು, ಆದರೆ ‘ಐ ಪ್ರಿಫರ್ ಟು ಟೇಕ್ ದ ಬಸ್ ಟು ಡ್ರೈವ್’ ಎಂದು ಹೇಳುವವರಿದ್ದಾರೆ. ಅದೂ ತಪ್ಪೇ, ಕೇಳಿದವರಿಗೆ ಓಡಿಸುವುದಕ್ಕಾಗಿಯೇ ಬಸ್ಸನ್ನು ತೆಗೆದುಕೊಳ್ಳುತ್ತೀರೆಂಬ ಭಾವನೆ ಬಂದರೂ ಆಶ್ಚರ್ಯವಿಲ್ಲ.

ಇದಕ್ಕೆ ಎರಡು ಸುರಕ್ಷಿತ ದಾರಿಗಳಿವೆ. ಎರಡೂ ಕಡೆ ‘ಇಂಗ್’ ರೂಪವನ್ನಿಟ್ಟು ನಡುವೆ ‘ಟು’ ಹಾಕಿ: ‘ಐ ಪ್ರಿಫರ್ ಟೇಕಿಂಗ್ ದ ಬಸ್ ಟು ಡ್ರೈವಿಂಗ್’. ಅಥವಾ ‘ಟು’ವಿನಿಂದ ಆರಂಭಿಸಿದ್ದರೆ ನಡುವೆ ‘ರಾದರ್ ದ್ಯಾನ್’ ತನ್ನಿ: ‘ಐ ಪ್ರಿಫರ್ ಟು ಟೇಕ್ ದ ಬಸ್ ರಾದರ್ ದ್ಯಾನ್ ಡ್ರೈವ್’. ‘ದ್ಯಾನ್’ ಈ ಕ್ರಿಯಾಪದದ ಹತ್ತಿರ ನ್ಯಾಯವಾಗಿ ಕಾಲಿಡುವುದು ಹೀಗೆ ‘ರಾದರ್’ ಜೊತೆಗಿದ್ದಾಗ. ಮೊದಲ ದಾರಿ ಚಿಕ್ಕದು, ಮಾತಿಗೆ ಒಗ್ಗುತ್ತದೆ. ಎರಡನೆಯದು ಉದ್ದದ ವಾಕ್ಯಗಳಲ್ಲಿ ಸ್ಪಷ್ಟತೆಯನ್ನು ಕಾಪಾಡುತ್ತದೆ.

ನಾಲ್ಕನೆಯ ಹಂತ: ಯಾವಾಗಲೂ ಇಷ್ಟವೋ, ಈಗ ಮಾತ್ರವೋ

‘ಐ ಪ್ರಿಫರ್’ ಎಂದರೆ ಸ್ವಭಾವ, ‘ಐ ವುಡ್ ಪ್ರಿಫರ್’ ಎಂದರೆ ಈ ಹೊತ್ತಿನ ಆಯ್ಕೆ. ಉಡುಪಿಯ ರಥಬೀದಿಯ ಆಸುಪಾಸಿನ ವಸತಿಗೃಹವೊಂದರ ಸ್ವಾಗತ ಮೇಜಿನಲ್ಲಿ ಕೆಲಸಕ್ಕೆ ಸೇರಿದವರಿಗೆ ಈ ಭೇದ ದಿನವೂ ಬೇಕಾಗುತ್ತದೆ. ಹೊರರಾಜ್ಯದಿಂದ ಬಂದ ವೃದ್ಧ ದಂಪತಿಯನ್ನು ‘ವುಡ್ ಯು ಪ್ರಿಫರ್ ಎ ರೂಮ್ ಆನ್ ದ ಗ್ರೌಂಡ್ ಫ್ಲೋರ್?’ ಎಂದು ಕೇಳುವುದು ಸರಿಯಾದ ಕ್ರಮ. ‘ಡು ಯು ಪ್ರಿಫರ್’ ಎಂದು ಕೇಳಿದರೆ ವ್ಯಾಕರಣ ಕೆಡುವುದಿಲ್ಲ, ಆದರೆ ಅವರ ರೂಢಿಯನ್ನು ವಿಚಾರಿಸಿದಂತಾಗುತ್ತದೆ. ಅವರು ‘ಯೆಸ್, ವಿ ವುಡ್’ ಎಂದೋ, ‘ವಿ’ಡ್ ಪ್ರಿಫರ್ ದ ಫಸ್ಟ್ ಫ್ಲೋರ್, ಇಫ್ ದೇರ್ ಈಸ್ ಎ ಲಿಫ್ಟ್’ ಎಂದೋ ಉತ್ತರಿಸಿಯಾರು. ಮಾತಿನಲ್ಲಿ ‘ವುಡ್’ ಸವೆದು ‘ಡ್’ ಮಾತ್ರ ಉಳಿಯುತ್ತದೆ. ‘ಐ’ಡ್ ಪ್ರಿಫರ್’ ಎಂಬುದರಲ್ಲಿನ ಆ ಸಣ್ಣ ಧ್ವನಿ ಕಿವಿಗೆ ಬೀಳದಿದ್ದರೆ ಸ್ವಭಾವಕ್ಕೂ ಸದ್ಯದ ಬಯಕೆಗೂ ವ್ಯತ್ಯಾಸ ತಿಳಿಯದೆ ಹೋಗುತ್ತದೆ. ಪ್ರಶ್ನೆಯಲ್ಲಿ ಎರಡು ಆಯ್ಕೆಗಳನ್ನು ‘ಆರ್’ ಸೇರಿಸಿ ಕೇಳಿದ್ದರೆ ‘ಯೆಸ್’ ಎಂಬುದು ಉತ್ತರವಾಗುವುದಿಲ್ಲ, ಒಂದನ್ನು ಹೆಸರಿಸಲೇಬೇಕು.

ಕೆಲಸವನ್ನು ಬೇರೊಬ್ಬರು ಮಾಡಬೇಕೆಂಬ ಬಯಕೆ ನಿಮ್ಮದಾದರೆ ‘ಐ ವುಡ್ ಪ್ರಿಫರ್ ಯು ಟು ಕಮ್ ಟುಮಾರೊ’ ಎನ್ನಬಹುದು. ಇದಕ್ಕಿಂತ ಮೃದುವಾದದ್ದು ‘ಐ ವುಡ್ ಪ್ರಿಫರ್ ಇಟ್ ಇಫ್ ಯು ಕೇಮ್ ಟುಮಾರೊ’. ನಾಳೆಯ ಮಾತಿಗೆ ‘ಕೇಮ್’ ಎಂಬ ಭೂತಕಾಲದ ರೂಪ ಏಕೆ ಎಂದು ಕಲಿಯುವವರು ಬೆಚ್ಚುತ್ತಾರೆ. ಆದರೆ ‘ನೀವು ನಾಳೆ ಬಂದರೆ ಒಳ್ಳೆಯದಿತ್ತು’ ಎಂದು ನಾವು ದಿನನಿತ್ಯ ಹೇಳುವಾಗ ನಾಳೆಯ ಜೊತೆಗೇ ‘ಇತ್ತು’ ಬರುತ್ತದೆಯಲ್ಲವೇ? ಎದುರಿನವರ ಮೇಲೆ ಒತ್ತಾಯ ಹೇರದೆ, ಆಗದಿದ್ದರೂ ಚಿಂತೆಯಿಲ್ಲ ಎಂಬಂತೆ ಕೇಳಿಕೊಳ್ಳಲು ಎರಡೂ ಭಾಷೆಗಳು ಕಾಲವನ್ನು ಹಿಂದಕ್ಕೆ ಸರಿಸುತ್ತವೆ. ‘ಒಳ್ಳೆಯದಿತ್ತು’ ಎನ್ನಬೇಕಾದಲ್ಲೆಲ್ಲ ‘ವುಡ್ ಪ್ರಿಫರ್ ಇಟ್ ಇಫ್’ ಇಟ್ಟು ನೋಡಿ. ಬಹುತೇಕ ಸಂದರ್ಭಗಳಲ್ಲಿ ಸರಿಯಾಗಿ ಕೂರುತ್ತದೆ. ‘ಇಟ್’ ಬಿಟ್ಟುಬಿಡುವುದು ಇಲ್ಲಿನ ಸಾಮಾನ್ಯ ತಪ್ಪು.

ಇದರ ಪಕ್ಕದಲ್ಲೇ ನಿಲ್ಲುವ ‘ವುಡ್ ರಾದರ್’ ಎಂಬುದಕ್ಕೆ ‘ಟು’ ಬೇಡ, ‘ದ್ಯಾನ್’ ಬೇಕು: ‘ಐ’ಡ್ ರಾದರ್ ವಾಕ್ ದ್ಯಾನ್ ವೇಟ್’. ಇವೆರಡನ್ನೂ ಒಂದೇ ದಿನ ಅಭ್ಯಾಸ ಮಾಡಲು ಹೋದರೆ ಎರಡೂ ಕಲಸಿಹೋಗುತ್ತವೆ.

ಐದನೆಯ ಹಂತ: ಬೇಡ ಎನ್ನುವುದು

ಮದುವೆಯೂಟದಲ್ಲಿ ಮೀನಿನ ಖಾದ್ಯ ತಂದಿಟ್ಟವರಿಗೆ ‘ಐ ಡೋಂಟ್ ಪ್ರಿಫರ್ ಫಿಶ್’ ಎಂದು ಹೇಳುವುದು ನಮ್ಮ ಊರಿನ ಇಂಗ್ಲಿಷಿನಲ್ಲಿ ರೂಢಿಯಾಗಿಬಿಟ್ಟಿದೆ. ಹೇಳುವವರ ಉದ್ದೇಶ ‘ನಾನು ಮೀನು ತಿನ್ನುವುದಿಲ್ಲ’ ಎಂಬುದು. ಇಂಗ್ಲಿಷ್ ಮನೆಮಾತಿನವರು ಅದನ್ನು ‘ಬೇರೆ ಏನಾದರೂ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಇದೂ ಆದೀತು’ ಎಂದು ತಿಳಿದು ಬಡಿಸಿಯೇ ಬಿಡಬಹುದು. ತಿನ್ನುವುದಿಲ್ಲವಾದರೆ ‘ಐ ಡೋಂಟ್ ಈಟ್ ಫಿಶ್’ ಎಂದು ನೇರವಾಗಿ ಹೇಳಬೇಕು. ವ್ರತ, ಪಥ್ಯ, ಅಲರ್ಜಿಗಳ ವಿಷಯದಲ್ಲಂತೂ ‘ಪ್ರಿಫರ್’ ಹತ್ತಿರವೂ ಸುಳಿಯಬಾರದು. ಆಸ್ಪತ್ರೆಯಲ್ಲಿ ‘ಐ ಡೋಂಟ್ ಪ್ರಿಫರ್ ಪೆನಿಸಿಲಿನ್’ ಎಂದರೆ ಅದು ಇಷ್ಟಾನಿಷ್ಟದ ಮಾತಾಗುತ್ತದೆಯೇ ಹೊರತು ಎಚ್ಚರಿಕೆಯ ಮಾತಾಗುವುದಿಲ್ಲ.

ನಯವಾಗಿ ನಿರಾಕರಿಸಲು ‘ನಾಟ್’ ಕ್ರಿಯಾಪದದ ಆಚೆಗೆ ಹೋಗಬೇಕು: ‘ಐ’ಡ್ ಪ್ರಿಫರ್ ನಾಟ್ ಟು ಡಿಸ್ಕಸ್ ಇಟ್’. ಆನ್‌ಲೈನ್ ಅರ್ಜಿಗಳಲ್ಲಿ ಕಾಣುವ ‘ಪ್ರಿಫರ್ ನಾಟ್ ಟು ಸೇ’ ಇದೇ ರಚನೆ. ತಿಳಿಸಲು ಇಚ್ಛಿಸುವುದಿಲ್ಲ ಎಂದರ್ಥ.

ಆರನೆಯ ಹಂತ: ಉಚ್ಚಾರ ಮತ್ತು ಕಾಗುಣಿತ

ಕನ್ನಡದಲ್ಲಿ ಸ್ವರಭಾರದಿಂದ ಅರ್ಥವಾಗಲಿ ಕಾಗುಣಿತವಾಗಲಿ ಬದಲಾಗುವುದಿಲ್ಲವಾದ್ದರಿಂದ ಈ ಭಾಗವನ್ನು ಕಿವಿಗೊಟ್ಟು ಕಲಿಯಬೇಕು. ‘ಪ್ರಿಫರ್’ ಎಂಬಲ್ಲಿ ಒತ್ತು ಎರಡನೆಯ ಉಚ್ಚಾರಾಂಶದ ಮೇಲೆ, ಅಂದರೆ ‘ಫರ್’ ಮೇಲೆ ಬೀಳುತ್ತದೆ. ‘ಪ್ರಿಫರೆನ್ಸ್’, ‘ಪ್ರಿಫರಬಲ್’ ಎಂದು ನಾವು ಬರೆಯುವ ರೂಪಗಳಲ್ಲಿ ಒತ್ತು ಮೊದಲಿಗೆ ಜಿಗಿಯುತ್ತದೆ, ಸ್ವರವೂ ಬದಲಾಗುತ್ತದೆ. ‘ಪ್ರೆಫ್‌ರನ್ಸ್’, ‘ಪ್ರೆಫ್‌ರಬಲ್’ ಎಂಬುದು ಹೆಚ್ಚು ಹತ್ತಿರದ ಉಚ್ಚಾರ.

ಕಾಗುಣಿತ ಈ ಒತ್ತನ್ನೇ ಹಿಂಬಾಲಿಸುತ್ತದೆ. ಒತ್ತು ಕೊನೆಯ ಉಚ್ಚಾರಾಂಶದ ಮೇಲಿರುವ ‘ಪ್ರಿಫರ್ಡ್’, ‘ಪ್ರಿಫರಿಂಗ್’ ರೂಪಗಳಲ್ಲಿ ‘ಆರ್’ ಅಕ್ಷರ ಎರಡು ಬಾರಿ ಬರುತ್ತದೆ; ಒತ್ತು ಹಿಂದೆ ಸರಿದ ‘ಪ್ರಿಫರೆನ್ಸ್’, ‘ಪ್ರಿಫರಬಲ್’ಗಳಲ್ಲಿ ಒಂದೇ. ‘ರೆಫರ್’ ಮತ್ತು ‘ಕನ್‌ಫರ್’ ಪದಗಳಿಗೂ ಇದೇ ನ್ಯಾಯ: ‘ರೆಫರ್ಡ್’ನಲ್ಲಿ ಎರಡು, ‘ರೆಫರೆನ್ಸ್’ನಲ್ಲಿ ಒಂದು. ‘ಆಫರ್’ ಮತ್ತು ಭಿನ್ನವಾಗು ಎಂಬರ್ಥದ ‘ಡಿಫರ್’ ಮೊದಲಿಂದಲೂ ಆದಿಯಲ್ಲೇ ಒತ್ತುಳ್ಳವಾದ್ದರಿಂದ ‘ಆಫರ್ಡ್’, ‘ಡಿಫರ್ಡ್’ಗಳಲ್ಲಿ ‘ಆರ್’ ಇಮ್ಮಡಿಸುವುದಿಲ್ಲ. ‘ಪ್ರಿಫರಬಲ್’ ಎಂಬುದರೊಳಗೂ ಹೋಲಿಕೆ ಅಡಗಿರುವುದರಿಂದ ಅದಕ್ಕೆ ‘ಮೋರ್’ ಬೇಡ, ಅದರ ನಂತರ ‘ಟು’ ಬೇಕು.

ಏಳನೆಯ ಹಂತ: ಅರ್ಜಿ, ಜಾಹೀರಾತು, ಮತಪತ್ರ

ಇಲ್ಲಿ ನಾಮಪದಕ್ಕೇ ಹೆಚ್ಚು ಕೆಲಸ. ರೈಲಿನ ‘ಬರ್ತ್ ಪ್ರಿಫರೆನ್ಸ್’ನಲ್ಲಿ ‘ಲೋವರ್’ ಗುರುತಿಸಿದ ಮಾತ್ರಕ್ಕೆ ಕೆಳಗಿನ ಬರ್ತು ಸಿಕ್ಕೇ ಸಿಗುತ್ತದೆಂದಿಲ್ಲ. ಅದು ಕೋರಿಕೆ, ಹಕ್ಕಲ್ಲ. ಕೆಲಸದ ಜಾಹೀರಾತಿನಲ್ಲಿ ‘ರಿಕ್ವೈರ್ಡ್’ ಅಥವಾ ‘ಮ್ಯಾಂಡೇಟರಿ’ ಎಂದಿದ್ದರೆ ಆ ಅರ್ಹತೆ ಇಲ್ಲದವರು ಅರ್ಜಿ ಹಾಕಿ ಪ್ರಯೋಜನವಿಲ್ಲ. ‘ಪ್ರಿಫರ್ಡ್’ ಎಂದಿದ್ದರೆ, ಅಂಥವರಿಗೆ ಮೊದಲ ಗಮನ ಸಿಗುತ್ತದೆ ಎಂದಷ್ಟೇ ಅರ್ಥ. ಉಳಿದವರಿಗೆ ಬಾಗಿಲು ಮುಚ್ಚಿಲ್ಲ. ‘ನಾಲೆಜ್ ಆಫ್ ತುಳು ಪ್ರಿಫರ್ಡ್’ ಎಂಬ ಸಾಲನ್ನು ಕಂಡು ಘಟ್ಟದ ಮೇಲಿನ ಅಭ್ಯರ್ಥಿಗಳು ಹಿಂದೆ ಸರಿಯಬೇಕಾಗಿಲ್ಲ.

ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಗೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳೂ ಸೇರಿವೆ. ಅಲ್ಲಿನ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಅಂಕಿ ಬರೆಯುತ್ತಾರೆ. ಪತ್ರಿಕೆಗಳು ಅದನ್ನು ‘ಪ್ರಾಶಸ್ತ್ಯ ಮತ’ ಎನ್ನುತ್ತವೆ. ‘ಫಸ್ಟ್ ಪ್ರಿಫರೆನ್ಸ್’ ಎಂಬುದಕ್ಕೆ ‘ಮೊದಲ ಇಷ್ಟ’ ಎನ್ನದೆ ‘ಪ್ರಥಮ ಪ್ರಾಶಸ್ತ್ಯ’ ಎಂದಿರುವುದು ಸರಿಯಾಗಿದೆ, ಏಕೆಂದರೆ ಅಲ್ಲಿ ಎಣಿಕೆಯಾಗುವುದು ಕ್ರಮ, ಒಲವಿನ ಪ್ರಮಾಣವಲ್ಲ. ನಾಮಪದದ ನಂತರ ಸಾಮಾನ್ಯವಾಗಿ ‘ಫಾರ್’ ಬರುತ್ತದೆ: ‘ಎ ಪ್ರಿಫರೆನ್ಸ್ ಫಾರ್ ಲೋಕಲ್ ಫುಡ್’. ಯಾರಿಗಾದರೂ ಪ್ರಾಶಸ್ತ್ಯ ನೀಡುವುದಾದರೆ ‘ಗಿವ್ ಪ್ರಿಫರೆನ್ಸ್ ಟು’.

ಎಂಟನೆಯ ಹಂತ: ಹಣಕಾಸು ಮತ್ತು ಕಾನೂನು

ಕೆನರಾ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ ಮಂಗಳೂರಿನಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಹುಟ್ಟಿದವು; ಷೇರು ಪತ್ರಗಳ ಭಾಷೆ ಈ ನೆಲದ ಮನೆಗಳಿಗೆ ಹೊಸತಲ್ಲ. ‘ಪ್ರಿಫರೆನ್ಸ್ ಷೇರು’ ಎಂಬಲ್ಲಿ ಪದವು ತನ್ನ ಲ್ಯಾಟಿನ್ ಅರ್ಥಕ್ಕೆ ಬಹಳ ಹತ್ತಿರದಲ್ಲಿದೆ. ಲಾಭಾಂಶ ಹಂಚುವಾಗಲೂ, ಕಂಪನಿ ಮುಚ್ಚಿ ಬಂಡವಾಳ ಹಿಂದಿರುಗಿಸುವಾಗಲೂ ಈ ಷೇರುಗಳನ್ನು ಹೊಂದಿದವರು ಸಾಮಾನ್ಯ (ಈಕ್ವಿಟಿ) ಷೇರುದಾರರಿಗಿಂತ ಮುಂದೆ ನಿಲ್ಲುತ್ತಾರೆ. ಅದಕ್ಕೆ ಪ್ರತಿಯಾಗಿ ಅವರ ಮತದಾನದ ಹಕ್ಕು ಸೀಮಿತವಾಗಿರುತ್ತದೆ. 2013ರ ಕಂಪನಿ ಕಾಯ್ದೆಯ 55ನೆಯ ಕಲಮಿನಂತೆ ಇಂಥ ಷೇರುಗಳನ್ನು ಸಾಮಾನ್ಯವಾಗಿ 20 ವರ್ಷಗಳೊಳಗೆ ಮರುಪಾವತಿಸಬೇಕು.

2016ರ ದಿವಾಳಿ ಸಂಹಿತೆಯ 43ನೆಯ ಕಲಮಿನಲ್ಲಿ ಇದೇ ಪದಕ್ಕೆ ಕೆಟ್ಟ ಬಣ್ಣ ಬಂದಿದೆ. ಮುಳುಗುತ್ತಿರುವ ಕಂಪನಿಯು ತನಗೆ ಸಾಲ ಕೊಟ್ಟ ಉಳಿದವರನ್ನು ಬದಿಗೊತ್ತಿ ಒಬ್ಬರಿಗೆ ಮಾತ್ರ ಅನುಕೂಲ ಮಾಡಿಕೊಟ್ಟಿದ್ದರೆ ಅಂಥ ವ್ಯವಹಾರವನ್ನು ರದ್ದುಪಡಿಸಲು ಅದು ಅವಕಾಶ ನೀಡುತ್ತದೆ. ಇಲ್ಲಿ ‘ಆದ್ಯತೆ’ ಎಂದು ಅನುವಾದಿಸಿದರೆ ಆರೋಪವು ಹೊಗಳಿಕೆಯಂತೆ ಕೇಳುತ್ತದೆ. ‘ಪಕ್ಷಪಾತದ ವ್ಯವಹಾರ’ ಎನ್ನುವುದೇ ಮೇಲು.

ಕೊನೆಗೆ, ಆರಂಭದಲ್ಲಿ ಹೆಸರಿಸಿದ ಹಿಂಬರಹ. ಮಾಹಿತಿ ಹಕ್ಕು ಕಾಯ್ದೆ, 2005ರ 19(1)ನೆಯ ಕಲಂ, ಉತ್ತರ ಬಾರದಿದ್ದವರು ಅಥವಾ ಬಂದ ಉತ್ತರದಿಂದ ಬಾಧಿತರಾದವರು 30 ದಿನಗಳೊಳಗೆ ಮೇಲಿನ ಅಧಿಕಾರಿಗೆ ‘ಪ್ರಿಫರ್ ಆ್ಯನ್ ಅಪೀಲ್’ ಮಾಡಬಹುದು ಎನ್ನುತ್ತದೆ. ಇಲ್ಲಿ ಇಷ್ಟ, ಒಲವು, ಆದ್ಯತೆ ಯಾವುದೂ ಇಲ್ಲ. ಮೇಲ್ಮನವಿಯನ್ನು ಅಧಿಕಾರಿಯ ಮುಂದಿಡುವುದು, ಸಲ್ಲಿಸುವುದು ಎಂಬುದಷ್ಟೇ ಅರ್ಥ. ‘ಪ್ರಿಫರ್ ಚಾರ್ಜಸ್’ ಎಂದರೂ ಹಾಗೆಯೇ, ದೋಷಾರೋಪವನ್ನು ಮುಂದಿಡುವುದು. ‘ನೀವು ಮೇಲ್ಮನವಿಯನ್ನು ಇಷ್ಟಪಡಬಹುದು’ ಎಂದು ಓದಿಕೊಂಡು, ಅದೊಂದು ಸಲಹೆಯಿರಬೇಕೆಂದು ಸುಮ್ಮನೆ ಕುಳಿತರೆ 30 ದಿನಗಳ ಗಡುವು ಕಳೆದುಹೋಗುತ್ತದೆ. ಇಂಥ ‘ಪ್ರಿಫರ್’ ಅನ್ನು ಗುರುತಿಸಲು ಕಲಿತರೆ ಸಾಕು, ನಿಮ್ಮ ಪತ್ರದಲ್ಲಿ ಬಳಸಬೇಕಾಗಿಲ್ಲ. ಅಲ್ಲಿ ‘ಐ ವಿಶ್ ಟು ಫೈಲ್ ಆ್ಯನ್ ಅಪೀಲ್’ ಎಂದು ಬರೆದು, ಉತ್ತರ ಕೈಸೇರಿದ ದಿನಾಂಕವನ್ನು ಅದರ ಕೆಳಗಿನ ಸಾಲಿನಲ್ಲಿ ನಮೂದಿಸಿ.